ಕಾಗದದ ಊರಿನ ಆಯಿ

ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಸರ್ಕಾರದ ಲೆಕ್ಕದಲ್ಲಿ ಮೂರು ವಯಸ್ಸು. ರೇಷನ್ ಕಾರ್ಡಿನಲ್ಲಿ ಒಂದು, ಮತದಾರರ ಚೀಟಿಯಲ್ಲಿ ಇನ್ನೊಂದು, ಆಧಾರಿನಲ್ಲಿ ಮತ್ತೊಂದು. ಹುಟ್ಟಿದ ದಿನ ಗೊತ್ತಿಲ್ಲದ ಎಷ್ಟೋ ಜನರ ಹಾಗೆ ಅವಳೂ ಆಧಾರಿನಲ್ಲಿ ಜನವರಿ 1ಕ್ಕೆ ಹುಟ್ಟಿದ್ದಳು. ದೊಡ್ಡಪ್ಪ ಹುಟ್ಟಿದ್ದು ಜೂನ್ 1ಕ್ಕೆ. ಅಪ್ಪ, ಕಾಕಾ ಕೂಡ ಜೂನ್ 1ಕ್ಕೇ. ಅದು ಶಾಲೆಗೆ ಹೆಸರು ಹಚ್ಚಿದ ಮಾಸ್ತರರ ಕೃಪೆ. ಮತದಾರರ ಚೀಟಿಯನ್ನೂ ದೊಡ್ಡಪ್ಪನ ಶಾಲೆಯ ದಾಖಲೆಯನ್ನೂ ಪಕ್ಕಪಕ್ಕ ಇಟ್ಟರೆ ಆಯಿ ಒಂಬತ್ತನೇ ವರ್ಷಕ್ಕೇ ತಾಯಿಯಾಗಿದ್ದಳು. ಕೇಳಿದರೆ, "ಬರಕೊಂಡವರನ್ನ ಕೇಳ್ರಿ, ಹಡೆದಾಕಿನ್ನ ಯಾಕ ಕೇಳ್ತೀರಿ?" ಅನ್ನುತ್ತಿದ್ದಳು.

ಕಾಗದ ಮಾಡುವ ದಾಂಡೇಲಿಯಲ್ಲೇ ಹೀಗೆ. ಇಲ್ಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನಲ್ಲಿ ಕಾಡಿನ ಬಿದಿರು ಅರೆದು ಕಾಗದ ಮಾಡಲು ಸುರು ಮಾಡಿದ್ದು 1959ರಲ್ಲಿ. ಬೇಯುವ ತಿರುಳಿನ ನಾತಕ್ಕೆ ಹೊರಗಿನವರು ಮೂಗು ಮುಚ್ಚಿಕೊಂಡರೆ ಆಯಿಗೆ ಅದು "ಪಗಾರದ ವಾಸನಿ". ಮೂವರು ಗಂಡುಮಕ್ಕಳು ಮೂರು ಪಾಳಿಗೆ ಹೋಗುತ್ತಿದ್ದರು. ಆಯಿ ಒಬ್ಬಳೇ ಮೂರೂ ಪಾಳಿ ಮಾಡುತ್ತಿದ್ದಳು. ಭೋಂಗಾ ಕೂಗುವ ಮೊದಲೇ ಡಬ್ಬಿಯಲ್ಲಿ ರೊಟ್ಟಿ, ಮೇಲೊಂದಿಷ್ಟು ಖಾರ. ಮಕ್ಕಳಿಗೆ ರಿಟೈರ್‌ಮೆಂಟ್ ಬಂತು, ಗ್ರಾಚ್ಯುಟಿ ಬಂತು. ಆಯಿಯ ಪಾಳಿ ಮುಗಿಯಲಿಲ್ಲ.

ಅವಳಿಗೆ ಅವಳದೇ ಪಂಚಾಂಗ. ಮದುವೆಯಾಗಿ ಬಂದದ್ದು, ಬ್ರಿಟಿಷರು ಕಟ್ಟಿಗೆ ಸಾಗಿಸಲು ಹಾಕಿದ ಅಳ್ನಾವರದ ರೈಲಿನಲ್ಲಿ. ಮಿಲ್ಲಿನಲ್ಲಿ ಮೊದಲ ಕಾಗದ ಬಂದ ವರ್ಷ ದೊಡ್ಡಪ್ಪನ ಹಾಲುಹಲ್ಲು ಬೀಳುತ್ತಿದ್ದವು. ಕಾಳಿಗೆ ಅಣೆಕಟ್ಟು ಕಟ್ಟಿ ಸುಪಾ ಊರು ಮುಳುಗಿದಾಗ ಅವಳ ತಂಗಿಯ ಮನೆಯವರು ರಾಮನಗರಕ್ಕೆ ಎದ್ದು ಹೋದರು. ನಾನು ಹುಟ್ಟಿದ್ದು ಅದರ ಮರುವರ್ಷ. ಎಷ್ಟೋ ವರ್ಷ ನಿಂತುಹೋಗಿದ್ದ ರೈಲು 2019ರಲ್ಲಿ ಮತ್ತೆ ಬಂದಾಗ ಹಟ ಮಾಡಿ ಹತ್ತಿದಳು. ಕಿಟಕಿಯಾಚೆ ನೋಡುತ್ತ, "ಲಗ್ನದಾಗ ಇದ್ದ ಬಿದಿರೆಲ್ಲ ಎಲ್ಲಿ ಹೋತು?" ಅಂದಳು. ತಾನೇ ಉತ್ತರವನ್ನೂ ಕೊಟ್ಟಳು: "ನಿಮ್ಮ ಬುಕ್ಕಿಗೆ ಹೋತು ಬಿಡು."

ರೇಷನ್ ಅಂಗಡಿಯ ಯಂತ್ರ ಮಾತ್ರ ಅವಳ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. ಬೂದಿಯಿಂದ ಪಾತ್ರೆ ತಿಕ್ಕಿ, ರೊಟ್ಟಿ ತಟ್ಟಿ ಗೆರೆಗಳೆಲ್ಲ ಸವೆದಿದ್ದವು. ಎಲೆಯಡಿಕೆ ಸಂಚಿಯಿಂದ ಸುಣ್ಣ ಮೆತ್ತಿದ ಆಧಾರ್ ತೆಗೆದು, ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಮತ್ತೆ ಒತ್ತುತ್ತಿದ್ದಳು. ಕೊನೆಗೆ ಯಂತ್ರವನ್ನೇ ದಬಾಯಿಸುತ್ತಿದ್ದಳು: "ಎದುರಿಗೇ ನಿಂತೇನಿ, ಇಲ್ಲಂತಿ ಏನ?"

ಆಯಿ ತೀರಿಕೊಂಡಾಗ ಮರಣದ ದಾಖಲೆಗೆ ವಯಸ್ಸು ಬೇಕಾಯಿತು. ಮೂರೂ ಕಾರ್ಡು ಬದಿಗಿಟ್ಟು ಮಕ್ಕಳು ಅವಳ ಪಂಚಾಂಗವನ್ನೇ ಬಿಚ್ಚಿದರು. ಹಾಲುಹಲ್ಲಿನಿಂದ ಹಿಂದಕ್ಕೆ ಎಣಿಸಿ, ಲಗ್ನದ ರೈಲು ಮುಟ್ಟಿ, 92 ಎಂದು ಒಪ್ಪಿದರು. ಆ ಲೆಕ್ಕದಲ್ಲಿ ತಮ್ಮ ವಯಸ್ಸೂ ಎರಡು ವರ್ಷ ಏರಿತೆಂದು ದೊಡ್ಡಪ್ಪ ಗೊಣಗಿದರು.

"ಹಂಗಾದ್ರ ಎರಡು ವರ್ಷ ಹೆಚ್ಚಿಗಿ ಪಗಾರ ತಿಂದಂಗಾತು, ಸುಮ್ನಿರೋ ಅಣ್ಣಾ," ಅಂದರು ಕಾಕಾ.