ಮಗಳ ಜರ್ಮನ್ ವಿದ್ಯಾಭ್ಯಾಸ

ವಿದ್ಯೆಗೆ ದೇಶಭಾಷೆಗಳ ಎಲ್ಲೆಯಿಲ್ಲವೆಂದು ನಾವು ಪರರಿಗೆ ಉಪದೇಶಿಸುವುದುಂಟು. ನಮ್ಮ ಮಗಳೇ ಅದನ್ನು ಆಚರಿಸಿ ತೋರಿಸಲು ಹೊರಟಾಗ ಮಾತ್ರ ನಮಗೆ ಕಳವಳವಾಯಿತು. ನಮ್ಮ ಚಿಕ್ಕೋಡಿಯ ಪೇಟೆಯಲ್ಲಿ ಕನ್ನಡವೂ ನಡೆಯುವುದು, ಮರಾಠಿಯೂ ನಡೆಯುವುದು. ಇವೆರಡು ಸಾಲದೆ ಜರ್ಮನ್ ಭಾಷೆಯಲ್ಲಿ ಎಂ.ಎ. ಓದುವೆನೆಂದು ಅವಳು ಪುಣೆಗೆ ಹೊರಟಳು. "ಅದರಿಂದ ಹೊಟ್ಟೆ ತುಂಬೀತೆ?" ಎಂದು ಬಂಧುಗಳು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಪುಣೆ ವಿಶ್ವವಿದ್ಯಾಲಯದ ವಿದೇಶೀ ಭಾಷೆಗಳ ವಿಭಾಗವು ಫರ್ಗ್ಯುಸನ್ ಕಾಲೇಜ್ ರಸ್ತೆಯ ರಾನಡೆ ಸಂಸ್ಥೆಯ ಕಟ್ಟಡದಲ್ಲಿದೆ. ಅಲ್ಲಿಯ ಪಾಠಕ್ರಮವನ್ನು ಮಗಳು ರಜೆಗೆ ಬಂದಾಗ ವಿವರಿಸುವಳು. 'ಸೆಮಿನಾರ್' ಎಂಬ ಕೂಟದಲ್ಲಿ ಗುರುಗಳೊಬ್ಬರೇ ಮಾತಾಡುವುದಿಲ್ಲವಂತೆ. ಒಬ್ಬರು ಪ್ರಬಂಧವನ್ನೋದಬೇಕು, ಉಳಿದವರು ಅದನ್ನು ಒರೆಗೆ ಹಚ್ಚಬೇಕು. ಇದು ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿಯೇ ಬೆಳೆದ ಪದ್ಧತಿ. ಗಯಟೆ ಕವಿಯ ನಾಲ್ಕು ಸಾಲುಗಳ ಮೇಲೆ ಒಂದು ಮಧ್ಯಾಹ್ನವೇ ಕಳೆಯುವುದಂತೆ. 1791ರಲ್ಲಿ ಜರ್ಮನ್ ಭಾಷೆಗೆ ಬಂದ ನಮ್ಮ ಶಾಕುಂತಲವನ್ನೋದಿ ಆ ಕವಿಯು ಮನಸಾರೆ ಹೊಗಳಿದನೆಂಬುದನ್ನೂ ಅವಳಿಂದಲೇ ತಿಳಿದೆವು.

ಒಂದು ದಿನ ಆ ಕೂಟದಲ್ಲಿ ಗ್ರಿಮ್ ಸಹೋದರರ ನಿಘಂಟಿನ ವಿಚಾರ ಬಂದಿತು. ಮಕ್ಕಳ ಕಥೆಗಳಿಂದ ಪ್ರಸಿದ್ಧರಾದ ಇವರು 1838ರಲ್ಲಿ ತಮ್ಮ ಭಾಷೆಯ ಶಬ್ದಗಳನ್ನೆಲ್ಲ ಕೂಡಿಸತೊಡಗಿದರು. ತಮ್ಮ ವಿಲ್ಹೆಲ್ಮನು 1859ರಲ್ಲಿ ತೀರಿದನು. ಅಣ್ಣ ಯಾಕೋಬನು 1863ರಲ್ಲಿ, 'ಫಲ' ಎಂಬರ್ಥದ ಶಬ್ದದವರೆಗೆ ಬಂದು ಕಣ್ಮುಚ್ಚಿದನು. ಬೇರೆಯವರು ಮುಂದುವರಿಸಿ 1961ರಲ್ಲಿ ಆ ಕಾರ್ಯವನ್ನು ಮುಗಿಸಿದರು.

"ನಿಮ್ಮ ಭಾಷೆಯನ್ನು ಹೀಗೆ ಕೂಡಿಸಿದವರುಂಟೆ?" ಎಂದು ಗುರುಗಳು ಕೇಳಲು, ಮಗಳು ಕಿಟ್ಟೆಲರನ್ನು ನೆನೆದಳು. 1853ರಲ್ಲಿ ಭಾರತಕ್ಕೆ ಬಂದ ಆ ಜರ್ಮನ್ ಪಾದ್ರಿಯ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಶಬ್ದಗಳು ಅದರಲ್ಲಿವೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನೂ ಅವಳು ಹೆಸರಿಸಿದಳು. "ನಿಮ್ಮ ಮನೆಯ ಹಿರಿಯರು ಆಡುವ ಮಾತುಗಳೆಲ್ಲ ಅವುಗಳಲ್ಲಿವೆಯೆ?" ಎಂದು ಸಹಪಾಠಿಯೊಬ್ಬಳು ಕೇಳಿದಾಗ ಮಾತ್ರ ಅವಳ ಬಾಯಿ ಕಟ್ಟಿತು.

ದೀಪಾವಳಿಗೆ ಬಂದವಳು ವಹಿಯೊಂದನ್ನು ಹಿಡಿದು ನಮ್ಮ ತಾಯಿಯವರ ಬಳಿ ಕುಳಿತಳು.

"ಆಯಿ, ಹಗೇವು ಅಂದ್ರ ಏನು?"

"ಜ್ವಾಳಾ ತುಂಬಿ ಇಡೂ ನೆಲದಾಗಿನ ತೆಗ್ಗು, ನನ್ನವ್ವಾ."

ಹೀಗೆ ಹಂತಿ, ಕೂರಿಗೆ, ಮಿಣಿ ಎಂಬ ಮಾತುಗಳು ಒಂದೊಂದಾಗಿ ವಹಿಗೆ ಇಳಿದವು. ಶಾಲೆಯ ಮುಖವನ್ನೇ ಕಾಣದ ಮುದುಕಿಯೆದುರು ಎಂ.ಎ. ಓದುವ ಮೊಮ್ಮಗಳು ಶಿಷ್ಯೆಯಾಗಿ ಕುಳಿತುದನ್ನು ಕಂಡು ನಮಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು. ಐವತ್ತು ವರ್ಷ ಆ ಮಾತುಗಳನ್ನು ಕೇಳಿದ್ದೆವು. ಪಟ್ಟಣದವರೆದುರು ಅವುಗಳನ್ನಾಡಲು ಹಿಂಜರಿದಿದ್ದೆವು.

ಮಾಘಮಾಸದಲ್ಲಿ ತಾಯಿಯವರು ತೀರಿಕೊಂಡರು. ವಹಿಯ ಅರ್ಧಕ್ಕಿಂತ ಹೆಚ್ಚು ಹಾಳೆಗಳು ಬರಿದಾಗಿ ಉಳಿದವು. ಪುಣೆಗೆ ಮರಳುವಾಗ ಮಗಳು ಅದನ್ನು ನಮ್ಮ ಕೈಯಲ್ಲಿಟ್ಟು, "ಅಪ್ಪಾ, ಇನ್ನ ನೀವು ಬರೀರಿ" ಎಂದಳು. ಈಗ ಸಂಜೆಯ ಹೊತ್ತು ಓಣಿಯ ಹಿರಿಯರ ಕಟ್ಟೆಗೆ ಹೋಗಿ, ಕೇಳಿ ಬರೆಯುತ್ತಿದ್ದೇವೆ.

ಮಗಳ ವಿದ್ಯೆಯಿಂದ ಹೊಟ್ಟೆ ತುಂಬುವುದೋ ಇಲ್ಲವೋ, ಮುಂದೆ ಕಾಣಬೇಕು. ಪರಭಾಷೆಯನ್ನು ಕಲಿಯಹೋದವಳು ನಮಗೆ ನಮ್ಮ ಮನೆಮಾತಿನ ಬೆಲೆಯನ್ನು ಕಲಿಸಿದಳೆಂಬುದಂತೂ ನಿಜ. ವಾಚಕರ ಮನೆಗಳಲ್ಲಿಯೂ ಇಂಥ ಹಿರಿಯರಿದ್ದರೆ, ನಾಳೆಯೆನ್ನದೆ ಇಂದೇ ಅವರ ಬಳಿ ಕುಳಿತುಕೊಳ್ಳುವುದು ಲೇಸು.