ಆರು ಸ್ಪೀಕರು, ಅಪ್ಪನ ಒಂದು ಕಿವಿ

ಬರೆಯದೆ ಬಹಳ ದಿನ ಆಯ್ತು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ. ಮೊನ್ನೆ ದೀಪಾವಳಿಗೆ ಸುಣ್ಣ ಬಳಿಸೋಣ ಅಂತ ಅಟ್ಟದ ಮೇಲಿನ ಸಾಮಾನು ಇಳಿಸುವಾಗ ಒಂದು ರಟ್ಟಿನ ಡಬ್ಬಿ ಸಿಕ್ಕಿತು. ಒಳಗೆ ಧೂಳು ಹಿಡಿದ ನಾಲ್ಕು ಪುಟ್ಟ ಸ್ಪೀಕರು, ಒಂದು ಸೌಂಡ್ ಕಾರ್ಡು, ಎರಡು ಡಿಸ್ಕು.

ಮಗಳು ಡಬ್ಬಿ ತಿರುಗಿಸಿ ನೋಡಿ ಕೇಳಿದಳು. "ಪಪ್ಪಾ, ಇದರ ಮ್ಯಾಲ ಆರು ಸ್ಪೀಕರಿನ ಚಿತ್ರ ಐತಿ, ಒಳಗ ನಾಕ ಅದಾವಲ್ಲ?"

ಉಳಿದೆರಡು ಎಲ್ಲಿ ಹೋದವು ಅನ್ನೋದೇ ಇವತ್ತಿನ ಕಥೆ.

2009ರ ಮಾತು. ಆಗ ನಾನು ಕೊಪ್ಪಳದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಹಾಡು ಕೇಳುವ ಹುಚ್ಚು ಚಿಕ್ಕಂದಿನಿಂದಲೂ ಇತ್ತು. ಅಮೆರಿಕದಲ್ಲಿದ್ದ ಗೆಳೆಯ ಊರಿಗೆ ಬಂದಾಗ ಎರಡು ಡಿಸ್ಕ್ ತಂದುಕೊಟ್ಟ. ಒಂದು ಪಿಂಕ್ ಫ್ಲಾಯ್ಡ್ ತಂಡದ 'ಡಾರ್ಕ್ ಸೈಡ್ ಆಫ್ ದಿ ಮೂನ್', 2003ರಲ್ಲಿ ಬಂದ ಎಸ್‌ಎಸಿಡಿ. ಇನ್ನೊಂದು ಈಗಲ್ಸ್ ತಂಡದ 'ಹೋಟೆಲ್ ಕ್ಯಾಲಿಫೋರ್ನಿಯಾ', ಅದು ಡಿವಿಡಿ-ಆಡಿಯೋ. "ಇವನ್ನ ಸಾದಾ ಸಿಡಿ ಅಂತ ತಿಳೀಬ್ಯಾಡಲೇ, ಆರು ಸ್ಪೀಕರಿನ್ಯಾಗ ಕೇಳಬೇಕು" ಅಂದ. ಅಷ್ಟೇ ಸಾಕಾಯ್ತು, ನನ್ನ ತಲೆ ಕೆಟ್ಟಿತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಬೇಸರ ಅನ್ನಿಸಿದರೆ ಈ ಪ್ಯಾರಾ ಹಾರಿಸಿ ಮುಂದೆ ಹೋಗಿ :) 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿ, ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಒಂದೊಂದು ಅಳತೆಯನ್ನೂ 16 ಬಿಟ್‌ನಲ್ಲಿ ಬರೆದಿಡುತ್ತದೆ. ಚಾನೆಲ್ ಎರಡೇ, ಎಡ ಮತ್ತು ಬಲ. ಇದು ಸಾಲದು ಅಂತ ಸೋನಿ ಮತ್ತು ಫಿಲಿಪ್ಸ್ ಸೇರಿ 1999ರಲ್ಲಿ ಎಸ್‌ಎಸಿಡಿ ತಂದವು. ಅದರ ಲೆಕ್ಕವೇ ಬೇರೆ.. ಒಂದೇ ಬಿಟ್, ಆದರೆ ಸೆಕೆಂಡಿಗೆ 28 ಲಕ್ಷಕ್ಕೂ ಹೆಚ್ಚು ಸಲ! ಅದಕ್ಕೆ ಪೈಪೋಟಿಯಾಗಿ 2000ದಲ್ಲಿ ಡಿವಿಡಿ-ಆಡಿಯೋ ಬಂತು. ಇದರಲ್ಲಿ 24 ಬಿಟ್, ಆರು ಚಾನೆಲ್ ಇದ್ದರೆ ಸೆಕೆಂಡಿಗೆ 96,000 ಸಲದವರೆಗೆ, ಎರಡೇ ಚಾನೆಲ್ ಸಾಕೆಂದರೆ 1,92,000 ಸಲದವರೆಗೆ. ಆರು ಚಾನೆಲ್ ಅಂದರೆ ನಾವು 5.1 ಅನ್ನುತ್ತೇವಲ್ಲ ಅದು. ಮುಂದೆ ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು, ಬೆನ್ನ ಹಿಂದೆ ಎರಡು. ಆ '.1' ಅನ್ನೋದು ಗುಮ್ ಗುಮ್ ಅನ್ನುವ ತಗ್ಗಿನ ಸದ್ದಿಗಾಗಿಯೇ ಇರುವ ಸಬ್‌ವೂಫರ್ ಡಬ್ಬಿ.

ಹುಬ್ಬಳ್ಳಿಗೆ ಹೋಗಿ 5.1 ಸ್ಪೀಕರ್ ಸೆಟ್ ತಂದೆ. ಕೊಪ್ಪಳ ಸ್ಟೇಷನ್ನಿನಲ್ಲಿ ರೈಲಿಂದ ಇಳಿಸಿ, ಆಟೋದಲ್ಲಿ ತೊಡೆ ಮೇಲೆ ಕೂಸಿನಂಗೆ ಕೂರಿಸಿಕೊಂಡು ಮನೆಗೆ ಬಂದೆ. ಹತ್ತು ಬೈ ಹನ್ನೆರಡರ ಕೋಣೆ. ಮುಂದಿನ ಮೂರು ಸ್ಪೀಕರು ಟೇಬಲ್ ಮೇಲೆ ಕೂತವು. ಹಿಂದಿನ ಎರಡಕ್ಕೆ ಜಾಗ ಇಲ್ಲ. ಒಂದು ಟ್ರಂಕಿನ ಮೇಲೆ ಇಟ್ಟೆ, ಇನ್ನೊಂದು ಜೋಳದ ಚೀಲದ ಮೇಲೆ.

ಮೊದಲು ಎಸ್‌ಎಸಿಡಿ ಹಾಕಿದೆ. ಹಾಡು ಬಂತು, ಆದರೆ ಮುಂದಿನ ಎರಡೇ ಸ್ಪೀಕರಿನಿಂದ. ಎರಡು ದಿನ ವೈರು ಕಿತ್ತು ಹಾಕಿದೆ, ಹಾಕಿ ಕಿತ್ತೆ. ಆಮೇಲೆ ತಿಳಿಯಿತು, ಆ ಡಿಸ್ಕಿನಲ್ಲಿ ಎರಡು ಪದರ ಇರುತ್ತದಂತೆ. ಒಂದು ಪದರ ಸಾದಾ ಸಿಡಿ, ಇನ್ನೊಂದರಲ್ಲಿ ಅಸಲಿ ಮಾಲು. ಕಂಪ್ಯೂಟರಿನ ಡಿವಿಡಿ ಡ್ರೈವ್ ಸಿಡಿ ಪದರವನ್ನಷ್ಟೇ ಓದುತ್ತದೆ, ಇನ್ನೊಂದು ಅದರ ಕಣ್ಣಿಗೇ ಬೀಳುವುದಿಲ್ಲ. ಕಾಪಿ ಹೊಡೆಯಬಾರದು ಅಂತ ಬೀಗ ಬೇರೆ ಹಾಕಿದ್ದಾರೆ. ನಾನು ಎರಡು ದಿನ ಕಣ್ಣು ಮುಚ್ಚಿ ತಲೆದೂಗಿದ್ದು ಸಾದಾ ಸಿಡಿಗೆ!

ಡಿವಿಡಿ-ಆಡಿಯೋದ ಕಥೆ ಸ್ವಲ್ಪ ಮೇಲು. ಅದರಲ್ಲಿ ಎರಡು ಫೋಲ್ಡರ್. ಒಂದರಲ್ಲಿ ಹಿಂಡಿ ಸಣ್ಣದು ಮಾಡಿದ ಡಾಲ್ಬಿ ಧ್ವನಿ, ಯಾವ ಡಿವಿಡಿ ಪ್ಲೇಯರಿನಲ್ಲಾದರೂ ಓಡುತ್ತದೆ. ಇನ್ನೊಂದರಲ್ಲಿ ಪೂರ್ತಿ ಧ್ವನಿ, ಅದಕ್ಕೂ ಬೀಗ. ಕಂಪ್ಯೂಟರಿನಲ್ಲಿ ಅದನ್ನು ತೆರೆಯುವ ಸುಲಭ ದಾರಿ 2002ರಲ್ಲಿ ಬಂದ ಸೌಂಡ್ ಬ್ಲಾಸ್ಟರ್ ಆಡಿಜಿ 2 ಅನ್ನುವ ಕಾರ್ಡು ಮತ್ತು ಅದರ ಜೊತೆ ಬರುವ ಸಾಫ್ಟ್‌ವೇರು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹಳೇ ಕಾರ್ಡೊಂದು ಸಿಕ್ಕಿತು. ಕಾರ್ಡಿನಿಂದ ಸ್ಪೀಕರಿಗೆ ಮೂರು ವೈರು. ಒಂದು ಮುಂದಿನ ಜೋಡಿಗೆ, ಒಂದು ಹಿಂದಿನ ಜೋಡಿಗೆ, ಒಂದು ನಡುವಿನ ಸ್ಪೀಕರು ಮತ್ತು ಸಬ್‌ವೂಫರಿಗೆ. ಈ ಮೂರನೇ ವೈರು ನೆನಪಿರಲಿ, ಮುಂದೆ ಬರುತ್ತದೆ.

ಒಂದು ಭಾನುವಾರ ಎಲ್ಲ ಕೂಡಿ ಬಂತು. ಡಿಸ್ಕ್ ತಿರುಗಿತು, ಗಿಟಾರು ಗೋಡೆ ಬಿಟ್ಟು ಕೋಣೆಯೊಳಗೆ ನಡೆದು ಬಂದಂಗಾಯ್ತು. ನಾನು ಹಾಡಿನ ಎದುರಿಗೆ ಕೂತಿರಲಿಲ್ಲ, ಹಾಡಿನ ಒಳಗೆ ಕೂತಿದ್ದೆ. ಮೈ ಜುಮ್ ಅಂದಿದ್ದು ಸುಳ್ಳಲ್ಲ. ಅಷ್ಟರಲ್ಲಿ ಕರೆಂಟ್ ಹೋಯ್ತು. ಯುಪಿಎಸ್ ಇದ್ದದ್ದು ಕಂಪ್ಯೂಟರಿಗೆ ಮಾತ್ರ. ಸ್ಕ್ರೀನಿನ ಮೇಲೆ ಹಾಡು ಓಡುತ್ತಲೇ ಇದೆ, ಸ್ಪೀಕರು ಗಪ್‌ಚಿಪ್!

ಅಪ್ಪ ಬಾಗಿಲಲ್ಲಿ ಬಂದು ನಿಂತ. "ಏನೋ ತಮ್ಮಾ, ಎಷ್ಟಾತು ಇದಕ್ಕೆಲ್ಲ?"

"ಒಂಬತ್ತು ಸಾವಿರ" ಅಂದೆ, ಮೆಲ್ಲಗೆ.

"ಆಂ? ಎಷ್ಟು?"

ಅಪ್ಪನಿಗೆ ಕೇಳಿಸಿಲ್ಲ ಅಂತ ಗೊತ್ತಾಯ್ತು. "ಎರಡು ಸಾವಿರ" ಅಂದೆ, ಈ ಸಲ ಜೋರಾಗಿ. ಅಪ್ಪ ತಲೆ ಆಡಿಸಿ ಹೊರಗೆ ಹೋದ. ಅವ್ವ ಅಡುಗೆಮನೆಯಿಂದ ಬಂದು ನನ್ನ ಮುಖ ನೋಡಿದಳು. ಏನೂ ಅನ್ನಲಿಲ್ಲ.

ಅಪ್ಪನ ಕಿವಿಯ ಬಗ್ಗೆ ಹೇಳಬೇಕು. ನಮ್ಮ ಮೂಲ ಊರು ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ. ಮಳೆ ನಂಬಿದ ಎರಿ ಹೊಲ, ಬೆಳೆದರೆ ಬೆಳೆಯಿತು. ಅಪ್ಪ 1974ರಲ್ಲಿ ಗಂಗಾವತಿಯ ಒಂದು ಅಕ್ಕಿ ಮಿಲ್ಲಿಗೆ ಸೇರಿದ. ಆಗ ನಮ್ಮದಿನ್ನೂ ರಾಯಚೂರು ಜಿಲ್ಲೆ, ಕೊಪ್ಪಳ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಗಂಗಾವತಿ ತುಂಬ ಭತ್ತ, ಭತ್ತದ ಹಿಂದೆ ಮಿಲ್ಲು. ಹೊಟ್ಟು ಸುಲಿಯುವ ಮಷೀನು, ಪಾಲಿಷ್ ಮಷೀನು, ಬೆಲ್ಟಿನ ಸದ್ದು.. ಚಿಕ್ಕವನಿದ್ದಾಗ ಬುತ್ತಿ ಕೊಡಲು ಹೋದರೆ ಒಳಗೆ ಯಾರೂ ಮಾತಾಡುತ್ತಿರಲಿಲ್ಲ, ಎಲ್ಲ ಕೈಸನ್ನೆ. ದಿನಕ್ಕೆ ಎಂಟು ತಾಸು 85 ಡೆಸಿಬಲ್‌ಗಿಂತ ಹೆಚ್ಚಿನ ಸದ್ದಿನಲ್ಲಿ ವರ್ಷಗಟ್ಟಲೆ ಇದ್ದರೆ ಕಿವಿ ಕೆಡುತ್ತದೆ ಅಂತ ಈಗ ಗೊತ್ತು. ಆಗ ಕಿವಿಗೆ ಅರಳೆ ಇಟ್ಟುಕೊಂಡರೂ ನಗುತ್ತಿದ್ದರಂತೆ. ಅಪ್ಪನ ಬಲಗಿವಿ ಸಣ್ಣಂದಿನಲ್ಲೇ ಸೋರಿ ಸೋರಿ ಹೋಗಿತ್ತು. ಇದ್ದ ಒಂದು ಎಡಗಿವಿಯನ್ನು 27 ವರ್ಷ ಮಿಲ್ಲಿಗೆ ಕೊಟ್ಟ.

ಅದೇ ಅಪ್ಪ ಸೋಮವಾರ ಬಸವಣ್ಣನ ಗುಡಿಯ ಭಜನೆಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದವನು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಕುರುಡ ಗವಾಯಿಗಳೊಬ್ಬರು ಊರಿಗೆ ಬಂದಾಗ ಅವರ ಹತ್ತಿರ ಕಲಿತಿದ್ದು. ಧಾರವಾಡ ಆಕಾಶವಾಣಿಯಲ್ಲಿ ಮಲ್ಲಿಕಾರ್ಜುನ ಮನಸೂರರ ಅಥವಾ ಸಿದ್ಧರಾಮ ಜಂಬಲದಿನ್ನಿಯವರ ವಚನ ಬಂದರೆ ನಮಗೆಲ್ಲ ಉಸಿರು ಬಿಡಲೂ ಅಪ್ಪಣೆ ಇರಲಿಲ್ಲ. ಕೆಲಸ ಬಿಟ್ಟ ಮೇಲೆ ನಿಧಾನಕ್ಕೆ ರೇಡಿಯೋ ಬಿಟ್ಟ, ಆಮೇಲೆ ಹಾರ್ಮೋನಿಯಂ. "ಸದ್ದು ಬರತೈತಿ, ಮಾತು ತಿಳಿಯಂಗಿಲ್ಲ" ಅನ್ನುತ್ತಿದ್ದ.

ಸ್ಪೀಕರ್ ತರುವ ಎರಡು ತಿಂಗಳ ಮುಂಚೆ ಗದಗಿನ ಡಾಕ್ಟರು ಕಿವಿ ಮಷೀನು ಹಾಕಿಸಿ ಅಂದಿದ್ದರು. ಹನ್ನೆರಡು ಸಾವಿರ. "ನನಗ ಬ್ಯಾಡ, ಇನ್ನ ಎಷ್ಟ ದಿನ ಕೇಳೂದೈತಿ" ಅಂದ ಅಪ್ಪ. ಬೇಡ ಅಂದನಲ್ಲ ಅಂತ ನಾನೂ ಸುಮ್ಮನಾದೆ. ಸುಮ್ಮನಾಗೋದು ನನಗೂ ಅನುಕೂಲವಾಗಿತ್ತು, ಅದನ್ನು ಇವತ್ತು ಒಪ್ಪಿಕೊಳ್ಳಬೇಕು.

ಮುಂದಿನ ತಿಂಗಳು ಕುಷ್ಟಗಿಯಿಂದ ಸೋದರಮಾವ ಬಂದ. ಬರುವಾಗ ಹಳೇ ಕನ್ನಡ ಸಿನಿಮಾ ಹಾಡುಗಳ ಒಂದು ಡಿವಿಡಿ ತಂದಿದ್ದ, ಮೇಲೆ 5.1 ಅಂತ ದೊಡ್ಡದಾಗಿ ಬರೆದಿತ್ತು. ಹಾಕಿದರೆ ಹಿಂದಿನ ಸ್ಪೀಕರಿನಲ್ಲಿ ಗುಂಯ್ ಅಂತ ಒಂದು ಸದ್ದು. ಯಾವ ವೈರಿನದು ಅಂತ ನೋಡಲು ಒಂದೊಂದೇ ಕಿತ್ತೆ. ಮೊದಲ ವೈರು, ಎರಡನೇ ವೈರು. ಉಳಿದದ್ದು ಆ ಮೂರನೆಯದು, ಅಂದರೆ ನಡುವಿನ ಸ್ಪೀಕರು. ವಾದ್ಯಗಳೆಲ್ಲ ಎಲ್ಲೋ ಹೋದವು, ಹಾಡುವವರ ದನಿ ಒಂದೇ ಉಳಿಯಿತು.

ಅಪ್ಪ ಪಕ್ಕದಲ್ಲಿ ಹೊರಸಿನ ಮೇಲೆ ಮಲಗಿದ್ದವನು ಎದ್ದು ಕೂತ. ಎಡಗಿವಿಯನ್ನು ಈ ಕಡೆ ತಿರುಗಿಸಿದ. ಒಂದು ನಿಮಿಷ ಆದ ಮೇಲೆ ನೋಡುತ್ತೇನೆ, ತುಟಿ ಅಲ್ಲಾಡುತ್ತಿದೆ. ಸಾಲಿನ ಹಿಂದೆ ಹಿಂದೆ ಬಂದು ತಾನೂ ಹಾಡುತ್ತಿದ್ದಾನೆ!

"ಮಾತು ತಿಳಿಯಾಕತ್ತೈತಿ ನೋಡ" ಅಂದ.

ಇದರಲ್ಲಿ ಪವಾಡ ಏನಿಲ್ಲ. 5.1ರಲ್ಲಿ ಎಷ್ಟೋ ಸಲ ಗಾಯಕರ ದನಿಯನ್ನು ನಡುವಿನ ಚಾನೆಲ್‌ಗೆ ಹಾಕಿ, ವಾದ್ಯಗಳನ್ನು ಉಳಿದ ಕಡೆ ಹಂಚಿರುತ್ತಾರೆ. ಸದ್ದಿನಿಂದ ಕೆಟ್ಟ ಕಿವಿ ಮೊದಲು ಕಳೆದುಕೊಳ್ಳುವುದು ಏರು ಸ್ವರವನ್ನು, 4,000 ಹರ್ಟ್ಸ್ ಆಸುಪಾಸಿನದು. ಅ, ಉ, ಓ ತಗ್ಗಿನವು, ಕೇಳಿಸುತ್ತವೆ. ಸ, ಶ, ತ, ಚ ಅನ್ನುವ ವ್ಯಂಜನಗಳ ಗುರುತು ಮೇಲೆಯೇ ಇರುವುದರಿಂದ ಅವು ಹೋಗುತ್ತವೆ. ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗೋದಿಲ್ಲ. ಉಳಿದ ಚೂರುಪಾರು ದನಿಯ ಮೇಲೆ ವಾದ್ಯಗಳು ಕೂತುಬಿಟ್ಟರೆ ಮುಗಿಯಿತು. ವಾಲ್ಯೂಮ್ ಹೆಚ್ಚಿಸಿದರೆ ವಾದ್ಯವೂ ಹೆಚ್ಚುತ್ತದೆ. ಅಪ್ಪನಿಗೆ ಬೇಕಿದ್ದದ್ದು ಜೋರು ಸದ್ದಲ್ಲ, ಬೇರೆ ಮಾಡಿಕೊಟ್ಟ ದನಿ.

ಹಾಡು ಮುಗಿದ ಮೇಲೆ ಅಪ್ಪ ಕೇಳಿದ. "ಇದಕ್ಕ ಎಷ್ಟಂದಿ ಅವತ್ತ? ಎರಡ ಸಾವಿರ?"

ಸುಳ್ಳು ಹೇಳಲಾಗಲಿಲ್ಲ. ಕಿವಿ ಹತ್ತಿರ ಹೋಗಿ "ಒಂಬತ್ತ ಸಾವಿರ, ಅಪ್ಪಾ" ಅಂದೆ.

"ಗೊತ್ತೈತಿ. ನಿಮ್ಮವ್ವ ಅವತ್ತ ಒಂಬತ್ತ ಬೆರಳ ತೋರಿಸಿದ್ಲು."

ನನಗೆ ತಲೆ ಎತ್ತಲಾಗಲಿಲ್ಲ. ಅಪ್ಪ ಬೈಯಲೂ ಇಲ್ಲ, "ಇನ್ನೊಂದ ಹಾಡ ಹಾಕು" ಅಂದ, ಅಷ್ಟೇ.

2010ರ ಜನವರಿಯಲ್ಲಿ, ಗವಿಮಠದ ಜಾತ್ರೆ ಮುಗಿದ ಮೇಲೆ, ಗದಗಿಗೆ ಹೋಗಿ ಮಷೀನು ಹಾಕಿಸಿದೆವು. ಆವತ್ತು ಕಿವಿ ಪರೀಕ್ಷೆಯ ಗ್ರಾಫ್ ನೋಡಿದೆ. ಎಡಗಿವಿಯ ಗೆರೆ ಸ್ವಲ್ಪ ದೂರ ಸಮವಾಗಿ ಬಂದು, 3,000 ದಾಟಿದ ಮೇಲೆ ಬಾವಿಗೆ ಬಿದ್ದಂಗೆ ಕೆಳಗೆ ಇಳಿದಿತ್ತು. ನಾನು ಸೆಕೆಂಡಿಗೆ 96,000 ಅಳತೆಗಾಗಿ ಬೆಂಗಳೂರಿನವರೆಗೆ ಓಡಾಡಿದ್ದೆ!

ಅಂದಹಾಗೆ ಆ 96,000ದ ಲೆಕ್ಕವೂ ಅಷ್ಟು ಗಟ್ಟಿಯಲ್ಲ. ಎಳೆಯ ಕಿವಿ ಕೂಡ 20,000 ಹರ್ಟ್ಸ್ ದಾಟಿ ಕೇಳುವುದಿಲ್ಲ, ಅಷ್ಟಕ್ಕೆ ಸಿಡಿಯ 44,100 ಸಾಕು. 2007ರಲ್ಲಿ ಮೇಯರ್ ಮತ್ತು ಮೊರಾನ್ ಅನ್ನುವವರು ಇಂಥ ಡಿಸ್ಕಿನ ಧ್ವನಿಯನ್ನೂ ಅದನ್ನೇ ಸಿಡಿ ಮಟ್ಟಕ್ಕೆ ಇಳಿಸಿದ್ದನ್ನೂ ಹೇಳದೆ ಕೇಳಿಸಿ ಪರೀಕ್ಷೆ ಮಾಡಿದ್ದರು. 554 ಸಲದಲ್ಲಿ ಸರಿ ಉತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. ಆ ಭಾನುವಾರ ನನ್ನ ಮೈ ಜುಮ್ ಅನ್ನಿಸಿದ್ದು ಆರು ಚಾನೆಲ್ಲೇ ಇರಬೇಕು, ಆ ದೊಡ್ಡ ನಂಬರ್ ಅಲ್ಲ.

ಮಷೀನಿನಿಂದ ಮಾತಿಗೆ ಉಪಯೋಗವಾಯ್ತು. ಹಾಡಿಗೆ ಆಗಲಿಲ್ಲ, "ತಗಡ ಬಡದಂಗ ಕೇಳತೈತಿ" ಅಂದ ಅಪ್ಪ. ಅವು ಮಾತಿಗೆಂದೇ ಹದ ಮಾಡಿದ ಮಷೀನುಗಳು. ಹಾಗಾಗಿ ಹಾಡಿನ ಹೊತ್ತಿಗೆ ಮಷೀನು ತೆಗೆದಿಟ್ಟು, ನಡುವಿನ ಸ್ಪೀಕರನ್ನು ಹೊರಸಿನ ಎಡಗಡೆ ಗೂಡಿನಲ್ಲಿ ಇಡುವುದು ರೂಢಿಯಾಯ್ತು. ಅದಕ್ಕೆ ಬಲ ಕೊಡುವ ಆಂಪ್ಲಿಫೈಯರ್ ಸಬ್‌ವೂಫರ್ ಡಬ್ಬಿಯೊಳಗೇ ಇರುವುದರಿಂದ ಅದೂ ಹೊರಸಿನ ಕೆಳಗೆ ಹೋಯಿತು. ಉಳಿದ ನಾಲ್ಕು ಡಬ್ಬಿ ಸೇರಿದವು. ಸಾದಾ ಹಾಡಾದರೆ ಎಡ ಬಲ ಎರಡನ್ನೂ ಕೂಡಿಸಿ ಆ ಒಂದಕ್ಕೆ ಕಳಿಸುವಂತೆ ಮಾಡಿಟ್ಟೆ. 2010ರ ಸೆಪ್ಟೆಂಬರ್ 17ರಂದು ಗದಗಿನ ಪುಟ್ಟರಾಜ ಗವಾಯಿಗಳು ತೀರಿಕೊಂಡ ರಾತ್ರಿ ಅಪ್ಪ ಮಲಗಲಿಲ್ಲ. ಅವರ ಹಾಡುಗಳನ್ನು ಆ ಒಂದೇ ಸ್ಪೀಕರಿನಲ್ಲಿ ಬೆಳಗಿನ ತನಕ ಕೇಳಿದ.

ಎಸ್‌ಎಸಿಡಿಯ ಬೀಗಕ್ಕೂ ಆಮೇಲೆ ಕೀಲಿ ಸಿಕ್ಕಿತು. ಮೊದಮೊದಲ ಪ್ಲೇಸ್ಟೇಷನ್ 3ಗಳು ಆ ಪದರ ಓದುತ್ತಿದ್ದವು. ಅದರ ಮೂಲಕ ಹೊರತೆಗೆದ ಧ್ವನಿಯನ್ನು ಫೂಬಾರ್2000 ಸಾಫ್ಟ್‌ವೇರಿಗೆ ಒಂದು ಪ್ಲಗಿನ್ ಸೇರಿಸಿ ಕಂಪ್ಯೂಟರಿನಲ್ಲಿ ಕೇಳಬಹುದಾಯ್ತು. 2021ರಿಂದ ಆಪಲ್ ಮ್ಯೂಸಿಕ್‌ನಲ್ಲಿ ಡಾಲ್ಬಿ ಅಟ್ಮಾಸ್ ಹಾಡುಗಳು ಬಂದು, ಡಿಸ್ಕಿನ ಹಂಗೇ ಇಲ್ಲದಂಗಾಯ್ತು. ನಾನು ಮಾತ್ರ ಆ ಪಿಂಕ್ ಫ್ಲಾಯ್ಡ್ ಡಿಸ್ಕನ್ನು ಆರು ಸ್ಪೀಕರಿನಲ್ಲಿ ಇವತ್ತಿಗೂ ಕೇಳಿಲ್ಲ.

ನಿಮ್ಮ ಮನೆಯಲ್ಲಿ ಒಂದೇ ಕಿವಿ ಕೇಳುವ ಹಿರಿಯರಿದ್ದು, ಇಯರ್‌ಫೋನ್ ಹಾಕಿಕೊಳ್ಳುವವರಾದರೆ ಒಂದು ಕೆಲಸ ಮಾಡಿ. ವಿಂಡೋಸ್ 10, 11ರಲ್ಲೂ ಈಗಿನ ಮೊಬೈಲುಗಳಲ್ಲೂ 'ಮೋನೋ ಆಡಿಯೋ' ಅಂತ ಒಂದು ಆಯ್ಕೆ ಇದೆ, ಆಕ್ಸೆಸಿಬಿಲಿಟಿ ಸೆಟ್ಟಿಂಗಿನ ಒಳಗೆ. ಅದನ್ನು ಆನ್ ಮಾಡಿದರೆ ಎಡ ಬಲ ಎರಡೂ ಕೂಡಿ ಒಂದೇ ಕಿವಿಗೆ ಬರುತ್ತವೆ, ಅರ್ಧ ಹಾಡು ಕಳೆದುಹೋಗುವುದಿಲ್ಲ. ಒಂದು ಪೈಸೆ ಖರ್ಚಿಲ್ಲ.

ಮಗಳಿಗೆ ಇಷ್ಟೆಲ್ಲ ಹೇಳಿದ ಮೇಲೆ ಅವಳಿಗೆ ಆರೂ ಸ್ಪೀಕರು ಕೂಡಿಸಿ ನೋಡುವ ಆಸೆ ಆಯ್ತು. ತಾತನ ಹತ್ತಿರ ಹೋಗಿ ಎಡಗಿವಿಯಲ್ಲಿ ಕೇಳಿದಳು.

"ಒಯ್ಯವ್ವಾ, ಆದ್ರ ಸಂಜಿಗೆ ವಾಪಸ್ ತಂದಿಡು" ಅಂದ ಅಪ್ಪ.

ಅವಳು ಸ್ವಲ್ಪ ಹೊತ್ತು ನಿಂತು, ಗೂಡಿನಲ್ಲಿದ್ದ ಸ್ಪೀಕರಿನ ಧೂಳು ತನ್ನ ಓಢಣಿಯಿಂದ ಒರೆಸಿ ಅಲ್ಲೇ ಬಿಟ್ಟು ಬಂದಳು. ನಾಲ್ಕು ಸ್ಪೀಕರು ಮತ್ತೆ ಅಟ್ಟ ಸೇರಿದವು.