ತಡಿಯಂಡಮೋಳ್ ಹಾದಿಯಲ್ಲಿ ಜೇಬಿನ ಫೋನು

ಮಡಿಕೇರಿಯಿಂದ ನಾಪೋಕ್ಲು ದಾಟಿ ಸಾಗಿದರೆ ಕಕ್ಕಬ್ಬೆ. ಜೇನಿಗೆ ಹೆಸರಾದ ಊರು. ಸಮೀಪದಲ್ಲೇ 1792ರಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯಿದೆ. ಅಲ್ಲಿಂದ ಮೇಲೇರಿದರೆ ಕೊಡಗಿನ ಅತಿ ಎತ್ತರದ ಶಿಖರ ತಡಿಯಂಡಮೋಳ್. ಎತ್ತರ 1748 ಮೀಟರ್.

ಕಾಫಿ ತೋಟ ಮುಗಿದು ಶೋಲಾ ಕಾಡು, ಹುಲ್ಲುಗಾವಲು ಆರಂಭವಾಗುತ್ತಿದ್ದಂತೆ ಫೋನಿನ ಸಿಗ್ನಲ್ ಕ್ಷೀಣಿಸುತ್ತದೆ. ಚಾರಣಕ್ಕೆ ಬಂದ ವಿದ್ಯಾರ್ಥಿಗಳು ಕೈಯೆತ್ತಿ ಸಿಗ್ನಲ್ ಹುಡುಕುತ್ತಾರೆ. ದೂರದ ಟವರನ್ನು ತಲುಪಲು ಫೋನು ಹೆಚ್ಚು ಶಕ್ತಿ ವ್ಯಯಿಸುತ್ತದೆ. ಜತೆಗೆ ದಾರಿಯುದ್ದಕ್ಕೂ ವಿಡಿಯೊ ತೆಗೆದರೆ ಶಿಖರ ತಲುಪುವ ಮೊದಲೇ ಬ್ಯಾಟರಿ ಬರಿದು. ಅಷ್ಟರಲ್ಲಿ ಮಂಜು ಕವಿದರೆ ಹತ್ತು ಮಾರು ಮುಂದಿನ ದಾರಿಯೂ ಕಾಣದು. ಆಗ ಬೇಕಾದ ನಕ್ಷೆ, ಟಾರ್ಚು, ತುರ್ತು ಕರೆ ಎಲ್ಲವೂ ಆರಿಹೋದ ಫೋನಿನೊಳಗೆ!

ಉಪಾಯ ಸರಳ. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು, ಕಾಡಿನಲ್ಲಿ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಬೇಕು. ಜಿಪಿಎಸ್ ಉಪಗ್ರಹಗಳ ಸಂಕೇತವನ್ನು ಸ್ವೀಕರಿಸುತ್ತದೆ ಅಷ್ಟೇ. ಹಾಗಾಗಿ ಟವರಿನ ನೆರವಿಲ್ಲದೆಯೂ ನಿಂತ ಜಾಗ ತೋರಿಸಬಲ್ಲದು. ಅಪಾಯದಲ್ಲಿ ಆ ಮೋಡ್ ತೆಗೆದು 112ಕ್ಕೆ ಕರೆ ಮಾಡಬೇಕು. ತಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆಯದರ ಮೂಲಕ ಕರೆ ಹೋಗಬಲ್ಲದು.

ಫೋನು ಶತ್ರುವೇನಲ್ಲ. 2020–21ರ ಕೊರೊನಾ ಕಾಲದಲ್ಲಿ ಇದೇ ಜಿಲ್ಲೆಯ ಶನಿವಾರಸಂತೆ ಬಳಿಯ ಮುಳ್ಳೂರಿನ ಶಿಕ್ಷಕರೊಬ್ಬರು ಸಿಗ್ನಲ್‌ಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿ ಮಕ್ಕಳಿಗೆ ಪಾಠ ಹೇಳಿದರು. ಅಗತ್ಯವಿದ್ದಾಗ ಮರ ಹತ್ತಿಯಾದರೂ ಬಳಸಬೇಕಾದ ಸಾಧನವದು. ಅಗತ್ಯವಿಲ್ಲದಾಗ ಜೇಬಿನಲ್ಲಿರಲಿ. ತಡಿಯಂಡಮೋಳ್ ತುದಿಯಿಂದ ಬೆಟ್ಟಸಾಲು ನೋಡಲು ಎರಡು ಕಣ್ಣು ಸಾಕು.